ಹ್ಞೂಂ ಎಂಬ ಆಜ್ಞೆಗೆ ಅರ್ಥ

"ಇದು ತಪ್ಪೈತ್ರಿ," ಅಂದ ಅಭಿನಂದನ, ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ.

ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿ. ಶನಿವಾರ, ನಾಲ್ಕೂವರೆ. ಅವನದು ನಿಪ್ಪಾಣಿ, ನನ್ನದು ಕಾಗವಾಡ. ಇಬ್ಬರಿಗೂ ನಡುವೆ ಸಿಗುವ ಊರು ಇದೇ. ಆರು ತಿಂಗಳಿಂದ ಇಲ್ಲಿ ಕೂತು, ಅವನು ಕಟ್ಟಿದ ಭಾಷೆಗೆ ನಾನು ಅರ್ಥ ಬರೆಯುತ್ತಿದ್ದೇನೆ.

ಭಾಷೆ ಅಂದರೆ ಕಂಪ್ಯೂಟರಿನದು. ಬಸದಿಯಲ್ಲಿ ಪುರಾಣ ಓದುವಾಗ ಪದ್ಯಗಳನ್ನು ಒಂದೊಂದಾಗಿ ಪರದೆಯ ಮೇಲೆ ತೋರಿಸುವ ಸಾಫ್ಟ್‌ವೇರ್ ಅವನದು. ಓಪನ್ ಸೋರ್ಸ್, ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಅದಕ್ಕೆ ಅಪ್ಪಣೆ ಕೊಡಲು ಪುಟ್ಟದೊಂದು ಸ್ಕ್ರಿಪ್ಟ್ ಭಾಷೆಯನ್ನು ನಮ್ಮ ಮಾತಿನಲ್ಲೇ ಮಾಡಿದ್ದ. ‘ಓದು’ ಅಂತ ಬರೆದರೆ ಪದ್ಯ ಮೂಡುತ್ತದೆ. ‘ತಡಿ’ ಅಂದರೆ ನಿಲ್ಲುತ್ತದೆ. ಆದರೆ ಅದರ ಗುಟ್ಟು ಅವನೊಬ್ಬನಿಗೇ ಗೊತ್ತು. ಬೇರೆಯವರಿಗೆ ತಿಳಿಯುವ ಹಾಗೆ ಡಾಕ್ಯುಮೆಂಟೇಶನ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ನನಗದು ಹೊಸದೂ ಅಲ್ಲ. ನಮ್ಮ ಮನೆಯಲ್ಲಿ ಅಜ್ಜ ಪದ್ಯ ಓದುತ್ತಿದ್ದರು, ಅಪ್ಪ ಅರ್ಥ ಹೇಳುತ್ತಿದ್ದರು, ನಾನು ಕಂಬಕ್ಕೊರಗಿ ಹ್ಞೂಂ ಅನ್ನುತ್ತಿದ್ದೆ. ಹ್ಞೂಂ ಅನ್ನುವವರಿಲ್ಲದೆ ಪುರಾಣ ಮುಂದೆ ಸಾಗುವುದಿಲ್ಲ.

"ಎಲ್ಲಿ ತಪ್ಪೈತಿ?"

ಅವನ ಬೆರಳು ನಿಂತದ್ದು ‘ಹ್ಞೂಂ’ ಎಂಬ ಆಜ್ಞೆಯ ಮೇಲೆ. ಆ ಸಾಲು ಬಂದಾಗ ಪರದೆ ಕಾಯುತ್ತದೆ. ಸಭೆಯವರೊಬ್ಬರು ಗುಂಡಿ ಒತ್ತಿದರೆ ಮುಂದಿನ ಪದ್ಯ. ನಾನು ಬರೆದಿದ್ದೆ: ಕೇಳುವವರು ಒಪ್ಪಿಗೆ ಕೊಟ್ಟರು ಎಂದು ಅರ್ಥ.

"ಹ್ಞೂಂ ಅಂದ್ರ ಒಪ್ಪಿಗಿ ಅಲ್ರಿ. ಕೇಳಿಸ್ತು, ಮುಂದ ಹೇಳ್ರಿ, ಅಷ್ಟ. ಒಪ್ಪಿಗಿಗೆ ‘ಆತು’ ಅಂತ ಬ್ಯಾರೆ ಆಜ್ಞೆ ಐತಲ್ಲ. ಆತು ಅನ್ನೂತನಕಾ ಯಾವದೂ ಪಕ್ಕಾ ಅಲ್ಲ."

ನನ್ನ ಚಹಾದ ಕಪ್ಪು ತುಟಿಯ ಹತ್ತಿರ ಬಂದು ಹಾಗೇ ನಿಂತಿತು.

ಮೂರು ವಾರದ ಹಿಂದೆ ಫೋನಿನಲ್ಲಿ ಇವನೇ ಕೇಳಿದ್ದ: "ನಮ್ಮವ್ವನ್ನ ನಿಮ್ಮ ಮನಿಗೆ ಮಾತಾಡಾಕ ಕಳಸ್ಲೇನ್ರಿ?"

ನಾನು ಹ್ಞೂಂ ಅಂದಿದ್ದೆ. ಪ್ರಾಣವನ್ನೆಲ್ಲ ಆ ಒಂದಕ್ಷರದಲ್ಲಿಟ್ಟು.

"ಈ ಅರ್ಥ ಪ್ರೋಗ್ರಾಮಿನ್ಯಾಗ ಅಷ್ಟನೋ," ಅಂದೆ ಮೆಲ್ಲಗೆ, "ಮನಷ್ಯಾರಿಗೂ ಹಿಂಗನೋ?"

ಅವನು ತಲೆಯೆತ್ತಿದ. ಹುಬ್ಬು ಮೊದಲು ಗಂಟಾಯಿತು, ಆಮೇಲೆ ಸಡಿಲಾಯಿತು. ಕಣ್ಣು ನನ್ನ ಮುಖದ ಮೇಲೆ ಏನೋ ಹುಡುಕುತ್ತ, ಸಿಕ್ಕಿತೆಂದು ನಂಬಲಾಗದೆ ಅಲ್ಲೇ ನಿಂತಿತು.

"ನೀವು ಹ್ಞೂಂ ಅಂದ್ರಿ ಅಷ್ಟ. ವಿಚಾರ ಮಾಡಿ ಹೇಳ್ತಾರ ಅಂತ ನಾ ದಾರಿ ನೋಡಾಕತ್ತಿದ್ನಿ."

"ನಾ ನಿಮ್ಮವ್ವನ ದಾರಿ ನೋಡಾಕತ್ತೀನಿ. ಮೂರ ರವಿವಾರದಿಂದ ಅಂಗಳ ತುಂಬ ರಂಗೋಲಿ ಹಾಕಾಕತ್ತೀನಿ. ಇದ್ಯಾವ ಹಬ್ಬ ಅಂತ ನಮ್ಮವ್ವ ಕೇಳ್ತಾಳ."

"ತ್ರಿಶಲಾ ಅವ್ರ..."

"ಅಥಣಿಯಿಂದ ಒಂದು ಮನಿತನದವ್ರು ನನ್ನ ನೋಡಾಕ ಬರ್ತೀವಿ ಅಂತಾರ. ತಡೀರಿ, ತಡೀರಿ ಅಂತ ಅಪ್ಪನ್ನ ಇಷ್ಟ ದಿನಾ ತಡದೀನಿ. ಇವತ್ತ ಐದಕ್ಕ ಅವ್ರಿಗೆ ಫೋನ್ ಮಾಡಿ ನಾಳೆ ಬರ್ರಿ ಅಂತ ಹೇಳಾವ್ರದಾರ."

ಅವನು ಗೋಡೆಯ ಗಡಿಯಾರ ನೋಡಿದ. ಐದಕ್ಕೆ ಹದಿನೇಳು ನಿಮಿಷ.

ಕಿವಿಯಿಂದ ಶುರುವಾದ ಕೆಂಪು ಅವನ ಕೊರಳಿಗಿಳಿಯಿತು. ತಾಯಿ ಅಕ್ಕುತಾಯಿಗೆ ಫೋನ್ ಹಚ್ಚಿದ. ಗಡಿಬಿಡಿಯಲ್ಲಿ ಸ್ಪೀಕರ್ ಆನ್ ಆಗಿತ್ತು.

"ಅವ್ವಾ, ಕಾಗವಾಡದ ಹುಡಗಿ ಏನೂ ಹೇಳಿಲ್ಲ ಅಂದಿದ್ನಲ್ಲ."

"ಏನಂದಿದ್ಳು, ಖರೇ ಹೇಳು."

"ಹ್ಞೂಂ ಅಂದಿದ್ಳು."

ಫೋನಿನಾಚೆಯಿಂದ ಇಡೀ ಅಂಗಡಿಗೆ ಕೇಳುವ ಹಾಗೆ, "ಹುಡಗಿ ಹ್ಞೂಂ ಅಂದ ಮ್ಯಾಲ ಮತ್ತೇನ್ ಬಾಜಾ ಬಾರಸಬೇಕಾಗಿತ್ತೇನಲೇ? ನಿನ್ನ ಶಾಣ್ಯಾ ಅಂತ ತಿಳಕೊಂಡಿದ್ದ ನಂದ ತಪ್ಪು. ಅವರಪ್ಪನ ನಂಬರ್ ಕೊಡು ಮೊದಲ."

ನಾನು ಓಢಣಿಯಲ್ಲಿ ಮುಖ ಮುಚ್ಚಿ ನಕ್ಕೆ, ನಗುತ್ತಲೇ ನಂಬರ್ ಹೇಳಿದೆ. ಚಹಾದವನೂ ನಕ್ಕ.

ಐದು ನಿಮಿಷಕ್ಕೆ ಅಕ್ಕುತಾಯಿಯ ಫೋನ್ ತಿರುಗಿ ಬಂತು. "ಅವರಪ್ಪಂದು ಬಿಝಿ ಬರಾಕತ್ತೈತಿ. ನಾ ಬಿಡಂಗಿಲ್ಲ, ಹಚ್ಚತೇನಿ."

ನಗು ಅಲ್ಲೇ ಆರಿತು. ಅಪ್ಪ ಆಗಲೇ ಅಥಣಿಗೆ ಮಾತಾಡುತ್ತಿದ್ದಾರೆಯೇ? ಕಣ್ಣು ಮುಚ್ಚಿ ಮನಸ್ಸಿನಲ್ಲೇ ಣಮೋಕಾರ ಮಂತ್ರ ಹೇಳತೊಡಗಿದೆ. ಕಣ್ಣು ಬಿಟ್ಟಾಗ ಅವನ ತುಟಿಯೂ ಅದೇ ಸಾಲುಗಳಲ್ಲಿ ಅಲುಗುತ್ತಿತ್ತು.

"ನೀವು ಬರದದ್ದ ಇರಲಿ," ಅಂದ. "ಭಾಷೇನ ತಿದ್ದತೇನಿ."

"ತಿದ್ದಬ್ಯಾಡ್ರಿ. ಪುರಾಣದಾಗ ನಿಮ್ಮ ಅರ್ಥಾನ ಖರೇ. ದುಷ್ಟ ರಾಜನ ಕಥಿಗೂ ಹ್ಞೂಂ ಅಂತೀವಿ. ಅವನ್ನ ಒಪ್ಪಿಕೊಂಡಲ್ಲ."

"ಮತ್ತ?"

"ಯಾರಿಗೆ ಅಂದ್ರು ಅನ್ನೂದು ನೋಡಬೇಕಲ್ಲ."

ಅವನು ನೋಡಿದ. ಎಷ್ಟು ಹೊತ್ತು ನೋಡಿದನೆಂದರೆ ನಾನೇ ಕಣ್ಣು ತಗ್ಗಿಸಿ ಕಪ್ಪಿನ ಅಂಚಿಗೆ ಬೆರಳು ಸುತ್ತಿಸಬೇಕಾಯಿತು.

ನನ್ನ ಫೋನ್ ರಿಂಗಾಯಿತು. ಅಪ್ಪ.

"ತ್ರಿಶಲಾ, ನಿಪ್ಪಾಣಿಯಿಂದ ಅಕ್ಕುತಾಯಿ ಅನ್ನಾವ್ರು ಫೋನ್ ಮಾಡಿದ್ರು. ನಾಳೆ ಬರ್ತೀವಿ ಅಂತಾರ. ನಾ ಅಥಣಿಗೆ ಹಚ್ಚಿ ಹಚ್ಚಿ ಸಾಕಾಗಿ ಕುಂತಿದ್ನಿ, ಹತ್ತವಲ್ದು. ಇದೇನ ತಂಗಿ? ನೀ ಏನಂತಿ?"

ನಾನು ಮಾತಿನವಳಲ್ಲ. ಮನೆಯಲ್ಲಿ ನನ್ನ ಧ್ವನಿ ಕೇಳಿದವರೇ ಕಡಿಮೆ. ಎದುರಿಗೆ ಅವನು ಎದ್ದು ನಿಂತಿದ್ದ, ಲ್ಯಾಪ್‌ಟಾಪ್ ಮುಚ್ಚುತ್ತ, ತೆಗೆಯುತ್ತ.

"ಅಪ್ಪಾ, ಆ ಮನಿ ಹುಡಗ ಅಭಿನಂದನ. ನಾ ಯಾರ ಭಾಷೆಗೆ ಅರ್ಥ ಬರಿತೀನೋ ಅವರ. ಅವ್ರು ನನ್ನ ಮನಸಿಗೆ ಬಂದಾರ. ಅವ್ರನ್ನ ಬಿಟ್ಟ ನಾ ಯಾರನ್ನೂ ಒಲ್ಲೆ. ಅಥಣಿಯವ್ರಿಗೆ ಬ್ಯಾಡ ಅಂತ ಹೇಳ್ರಿ."

ಸ್ಟೋವಿನ ಸದ್ದು. ಎಲ್ಲೋ ಕಂಡಕ್ಟರ್ ರಾಯಬಾಗ, ರಾಯಬಾಗ ಅಂತ ಕೂಗುತ್ತಿದ್ದ.

"ಇಷ್ಟ ಮಾತ ನಿನ್ನ ಬಾಯಾಗ ಇದ್ವು ಏನು," ಅಂದರು ಅಪ್ಪ. "ಎಷ್ಟ ಮಂದಿ ಬರ್ತಾರ ಕೇಳು. ನಿಮ್ಮವ್ವ ಹೋಳಿಗಿಗೆ ಬ್ಯಾಳಿ ತಗೀಬೇಕಂತ."

ನಾನು ಅವನ ಕಡೆ ತಿರುಗಿ, ಎಷ್ಟು ಅಂತ ಕೈ ಮಾಡಿ ಕೇಳಿದೆ.

ಅವನು ನಾಲ್ಕು ಬೆರಳು ತೋರಿಸಿದ. ನನ್ನ ಮುಖ ನೋಡಿ ಐದು ಮಾಡಿದ. ಆಮೇಲೆ ಇನ್ನೊಂದು ಕೈಯೂ ಮೇಲೆದ್ದಿತು.

"ಹತ್ತ ಮಂದಿ, ಅಪ್ಪಾ," ಅಂದೆ.

ಅವನು ಎರಡೂ ಕೈ ಮಡಚಿ, ಹನ್ನೊಂದರಿಂದ ಮತ್ತೆ ಬೆರಳು ಬಿಡಿಸತೊಡಗಿದ್ದ.