ಅರೆಮಂಡಿ, ಪೂರ್ತಿ ಭಾರ

ಅವಳ ನೃತ್ಯ ಇನ್ನೂ ಅರ್ಧದಲ್ಲಿತ್ತು. ಅವನು ಬಂದವನೇ ಸ್ಪೀಕರ್‌ನ ಪ್ಲಗ್ ಕಿತ್ತುಬಿಟ್ಟ.

ಹಾಡು ನಿಂತಿತು. ಕಾಲೇಜು ನೃತ್ಯ ಸಂಘದ ಅಭ್ಯಾಸದ ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಎತ್ತಿದ ಕಾಲನ್ನು ಇಳಿಸುವುದೋ ಬಿಡುವುದೋ ತಿಳಿಯದೆ ಅವಳು ಒಂದು ಕ್ಷಣ ಹಾಗೇ ನಿಂತಳು.

"ಏಯ್, ಯಾಕೆ ನಿಲ್ಸಿದೆ?"

ಅವನು ಅವಳ ಮುಖವನ್ನು ಒಮ್ಮೆ ನೋಡಿದ. ವೈರನ್ನು ಸುತ್ತಿ ಬಗಲಿಗೆ ಸೇರಿಸಿಕೊಂಡು ಹೊರಗೆ ನಡೆದುಬಿಟ್ಟ.

ಎಷ್ಟು ಕೊಬ್ಬು ಇವನಿಗೆ... ಅವಳಿಗೆ ಮೈಯೆಲ್ಲ ಉರಿಯಿತು.

ಸ್ವಲ್ಪ ಹೊತ್ತಿಗೆ ಸಂಘದ ಕ್ಯಾಪ್ಟನ್ ಹತ್ತಿರ ಬಂದಳು. "ವೈರ್ ಸುಟ್ಟು ಹೊಗೆ ಬರ್ತಿತ್ತು ಕಣೇ. ಬಿಟ್ಟಿದ್ರೆ ನಿನ್ನ ದುಪಟ್ಟಾಗೆ ಬೆಂಕಿ ಹತ್ಕೋತಿತ್ತು. ಅವನು ಹೊಸದು ತರೋಕೆ ಹೋದ."

"ಅಷ್ಟನ್ನ ಬಾಯಿಬಿಟ್ಟು ಹೇಳೋಕೆ ಅವನಿಗೇನು ರೋಗ?"

"ಬಾಯಿ ಬಿಟ್ರೆ ಮುತ್ತು ಉದುರುತ್ತೆ ಅಂದ್ಕೊಂಡಿದ್ದಾನೆ. ಅಭ್ಯಾಸ ಮಾಡ್ಕೋ. ಈ ಸಲದ ಸ್ಪರ್ಧೆಯಲ್ಲಿ ಅವನೇ ನಿನ್ನ ಜೋಡಿ."



ಈ ಸಂಘದ ಸಂಸಾರವನ್ನು ಸ್ವಲ್ಪ ಹೇಳಿಬಿಡಬೇಕು. ಶಾಸ್ತ್ರೀಯ, ವೆಸ್ಟರ್ನ್, ಕಂಟೆಂಪರರಿ ಎಂದು ಮೂರು ಗುಂಪು. ಮೂರಕ್ಕೂ ಸೇರಿ ಒಂದೇ ಕೋಣೆ, ಒಂದೇ ಕನ್ನಡಿ. ಶಾಸ್ತ್ರೀಯದವರಿಗೆ ಬೂಟಿನ ಧೂಳು ಕಂಡರಾಗದು. ವೆಸ್ಟರ್ನ್‌ನವರಿಗೆ ನಿಧಾನ ಅಂದರಾಗದು. ಕಂಟೆಂಪರರಿಯವರು ನೆಲದಲ್ಲಿ ಹೊರಳಾಡುತ್ತ ಎರಡೂ ಕಡೆಯವರ ಕಾಲಿಗೆ ಸಿಕ್ಕಿಕೊಳ್ಳುತ್ತಾರೆ. ಇಂಥವರನ್ನೆಲ್ಲ ಒಂದೇ ಪ್ರದರ್ಶನಕ್ಕೆ ಹೊಲಿಯುವ ಕೆಲಸ ಕ್ಯಾಪ್ಟನ್‌ಳದು. ಆ ಹೊಲಿಗೆಯ ಗಂಟು, ಕೊನೆಯ ಜೋಡಿ ನೃತ್ಯ. ಶಾಸ್ತ್ರೀಯದ ಹುಡುಗಿ ಓಡಿಬಂದು ಜಿಗಿಯಬೇಕು, ವೆಸ್ಟರ್ನ್‌ನ ಹುಡುಗ ಅವಳನ್ನು ಗಾಳಿಯಲ್ಲಿ ಹಿಡಿದು ತಲೆಯ ಮೇಲಕ್ಕೆ ಎತ್ತಬೇಕು.

ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಗೆಜ್ಜೆ ಎಂದು. ಅವಳು ಬರುವುದು ಮೆಟ್ಟಿಲ ಕೆಳಗಿನಿಂದಲೇ ಕೇಳಿಸುತ್ತಿತ್ತು. ತಲೆಯೂರಿ ಕಾಲು ಮೇಲೆತ್ತಿ ಗಿರಗಿರ ತಿರುಗುತ್ತಿದ್ದ ಅವನು ಬುಗುರಿ. ಮೂರು ವರ್ಷದಲ್ಲಿ ಗೆಜ್ಜೆ ಒಮ್ಮೆಯೂ ವೇದಿಕೆಯ ನಡುವೆ ನಿಂತವಳಲ್ಲ. ಸದಾ ಪಕ್ಕದ ಸಾಲು. ಇದು ಅವಳ ಕೊನೆಯ ವರ್ಷ, ಕೊನೆಯ ಸ್ಪರ್ಧೆ. ಈ ಜಿಗಿತ ಸಿಕ್ಕರೆ ನಡು, ಇಲ್ಲದಿದ್ದರೆ ಮತ್ತೆ ಅದೇ ಪಕ್ಕ.

ಅಭ್ಯಾಸ ಶುರುವಾಯಿತು. ಬುಗುರಿ ಮಾತಾಡುತ್ತಿರಲಿಲ್ಲ, ಆದರೆ ಅವಳು ಬರುವ ಮುಂಚೆ ನೆಲ ಒರೆಸಿಟ್ಟಿರುತ್ತಿದ್ದ. ಅವಳು ಬರಿಗಾಲಲ್ಲಿ ಕುಣಿಯುವವಳೆಂದು ಅವನೂ ಬೂಟು ಬಿಚ್ಚಿಡತೊಡಗಿದ. ನೋಡಿಯೂ ನೋಡದ ಹಾಗಿದ್ದ ಗೆಜ್ಜೆಗೆ ಮನೆಗೆ ಹೋದ ಮೇಲೆ ಅದೇ ನೆನಪು. ಥೂ, ನೆಲ ಒರೆಸಿದರೆ ಯಾರಾದರೂ ಮನಸ್ಸು ಕೊಡುತ್ತಾರಾ... ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಕೊಟ್ಟಾಗಿತ್ತು ಎಂಬುದು ನಮಗೆ ಗೊತ್ತು, ಅವಳಿಗಿನ್ನೂ ಗೊತ್ತಿರಲಿಲ್ಲ.

ಪರೀಕ್ಷೆ ಬಂದು ಕೋಣೆಗೆ ಬೀಗ ಬಿತ್ತು. ಬುಗುರಿ ಅವಳ ಹೆಜ್ಜೆಗಳನ್ನೂ ತಾನೇ ಮಾಡಿ ವೀಡಿಯೋ ಕಳಿಸುತ್ತಿದ್ದ. ಗೆಜ್ಜೆ ಅದನ್ನು ನೋಡಿ ನೋಡಿ ಮನೆಯಲ್ಲೇ ಕಲಿತಳು.

ಬೀಗ ತೆಗೆದಾಗ ಸ್ಪರ್ಧೆಗೆ ಒಂದು ವಾರವೂ ಉಳಿದಿರಲಿಲ್ಲ. ಕೊನೆಯ ವಾರಕ್ಕೆ ಕ್ಯಾಪ್ಟನ್‌ಳದು ಒಂದೇ ನಿಯಮ: ದಿಕ್ಕು ತಪ್ಪಿದವರು, ಯಾರೇ ಆಗಲಿ, ಹಿಂದಿನ ಸಾಲಿಗೆ. ಅಷ್ಟೊಂದು ಜನ ಒಟ್ಟಿಗೆ ಓಡುವ ವೇದಿಕೆಯಲ್ಲಿ ಒಬ್ಬರು ತಪ್ಪು ಕಡೆ ತಿರುಗಿದರೆ ಇನ್ನೊಬ್ಬರ ಹಲ್ಲು ಉದುರುತ್ತದೆ.

ಸಂಗೀತ ಏರಿತು. ಗೆಜ್ಜೆ ಓಡಿದಳು. ಖಾಲಿ ಇರಬೇಕಾದ ಜಾಗದಲ್ಲಿ ಬುಗುರಿ ಇದ್ದ.

ಡಿಕ್ಕಿ. ಅವಳು ಹಿಂದಕ್ಕೆ ಬಿದ್ದಳು. ತಲೆ ನೆಲಕ್ಕೆ ಬಡಿಯುವ ಮೊದಲು ಅವನ ಬಲಗೈ ನಡುವೆ ಬಂತು. ಅವಳ ಭಾರವೆಲ್ಲ ಆ ಕೈಯ ಮೇಲೆ.

ಕಂಟೆಂಪರರಿ ಗುಂಪನ್ನು ತಿದ್ದುತ್ತಿದ್ದ ಕ್ಯಾಪ್ಟನ್ ಸದ್ದಿಗೆ ತಿರುಗಿದಳು. "ಯಾರು ದಿಕ್ಕು ತಪ್ಪಿದ್ದು?"

"ಯಾರೂ ಇಲ್ಲ," ಎಂದ ಬುಗುರಿ. "ನನ್ನ ಕಾಲು ಜಾರ್ತು."

ಸುಳ್ಳು, ಎಂದುಕೊಂಡಳು ಗೆಜ್ಜೆ. ತಪ್ಪು ಕಡೆ ಬಂದವನು ಅವನೇ. ನಾಲಿಗೆ ತುದಿಗೆ ಬಂದ ಮಾತನ್ನು ನುಂಗಿಕೊಂಡಳು. ಹೇಳಿದರೆ ಅವನು ಹಿಂದಿನ ಸಾಲಿಗೆ ಹೋಗುತ್ತಾನೆ... ಪಾಪ, ಹೋಗಲಿ, ಉಳಿಸೋಣ.

ಆದರೆ ಮರುದಿನ ಎಲ್ಲರ ಎದುರು ಅವನು ಹೇಳಿದ್ದೇನು?

"ಜಿಗಿತ ಬೇಡ. ತೆಗೆದುಬಿಡೋಣ."

"ಯಾಕೆ?" ಎಂದಳು ಕ್ಯಾಪ್ಟನ್.

"ಸರಿ ಬರ್ತಿಲ್ಲ."

"ಜಿಗಿತ ಇಲ್ದೆ ಜೋಡಿ ಇದ್ದು ಏನು ಮಾಡೋದು? ನಾಡಿದ್ದು ಸ್ಪರ್ಧೆ. ಜೋಡಿ ಇರತ್ತೋ ಇಲ್ವೋ, ನಾಳೆ ಬೆಳಗ್ಗೆ ಹೇಳ್ತೀನಿ."

ಅಭ್ಯಾಸ ಮುಗಿದದ್ದೇ ತಡ, ಕಾರಿಡಾರಿನ ನೀರಿನ ನಲ್ಲಿಯ ಬಳಿ ಗೆಜ್ಜೆ ಅವನನ್ನು ಅಡ್ಡಗಟ್ಟಿದಳು.

"ನಾನು ಭಾರ ಅಂತ ನೇರವಾಗಿ ನನಗೇ ಹೇಳ್ಬಹುದಿತ್ತು."

"ಹಾಗಲ್ಲ."

"ಮತ್ತೆ ಹೇಗೆ? ಮೂರು ವರ್ಷ ಕಾದಿದ್ದೀನಿ ನಾನು. ನಿನ್ನೆ ತಪ್ಪು ಕಡೆ ಬಂದವನು ನೀನು. ನಿನಗೋಸ್ಕರ ಬಾಯಿ ಮುಚ್ಕೊಂಡಿದ್ದೆ. ಅದಕ್ಕೆ ಇದಾ ಬಹುಮಾನ?"

ಬುಗುರಿ ಬೆಚ್ಚಿ ಅವಳನ್ನು ನೋಡಿದ.

"ನನಗೋಸ್ಕರನಾ?" ಅಷ್ಟೇ ಕೇಳಿದ.

"ಇನ್ಮೇಲೆ ಇಲ್ಲ," ಎಂದು ತಿರುಗಿ ನಡೆದಳು. ಅಳುವನ್ನು ಮೆಟ್ಟಿಲಿನವರೆಗೆ ಹೇಗೋ ತಡೆದುಕೊಂಡಳು.

ಮನೆಯಲ್ಲಿ ಅಕ್ಕ ಆಗಷ್ಟೇ ಕೆಲಸದಿಂದ ಬಂದು ಕಾಲು ಚಾಚಿ ಕೂತಿದ್ದಳು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳಿಗೆ ಅಕ್ಷರ ಓದಿಸುವ ಕೆಲಸ ಅವಳದು.

"ಮತ್ತೆ ಅದೇ ವೀಡಿಯೋನಾ? ನೋಡಿ ನೋಡಿ ಆ ಹುಡುಗ ಸವೆದುಹೋಗ್ತಾನೆ ಕಣೇ."

"ಸುಮ್ನಿರಕ್ಕ. ತಪ್ಪು ಯಾರದು ಅಂತ ನಿನಗೇ ತೋರಿಸ್ತೀನಿ. ನೋಡು, ಇಲ್ಲಿ ಅವನೇ ಎಡಕ್ಕೆ ಹೋಗ್ತಿದ್ದಾನೆ."

ಅಕ್ಕ ಫೋನನ್ನು ಹತ್ತಿರ ಎಳೆದುಕೊಂಡಳು. "ಅಂಗಿ ಮೇಲಿನ ಅಕ್ಷರ ಯಾಕೆ ಉಲ್ಟಾ ಇದೆ?"

"ಎಲ್ಲಿ?"

"ಎದೆ ಮೇಲೆ. ಕನ್ನಡಿಯಲ್ಲಿ ಕಾಣೋ ಹಾಗಿದೆ. ಇದು ಎಡ ಅಲ್ಲ ಮಾರಾಯ್ತಿ, ಬಲ."

ಗೆಜ್ಜೆ ಫೋನನ್ನು ಕಸಿದುಕೊಂಡು ಮತ್ತೆ ನೋಡಿದಳು.

ಶಾಸ್ತ್ರೀಯ ಕಲಿತವರು ಗುರುವಿನ ಎದುರು ನಿಂತು ಕಲಿತವರು. ಗುರುವಿನ ಬಲಗೈ ತಮ್ಮ ಎಡಕ್ಕೆ ಕಂಡರೂ ಬಲಗೈಯನ್ನೇ ಎತ್ತುತ್ತಾರೆ. ಚಿಕ್ಕಂದಿನಿಂದಲೂ ಆ ತಿರುಗಿಸುವ ಕೆಲಸ ತಲೆಯೊಳಗೆ ತಾನಾಗಿ ನಡೆದುಹೋಗುತ್ತದೆ. ವೆಸ್ಟರ್ನ್‌ನವರು ಕನ್ನಡಿ ನೋಡಿ ಕಲಿಯುವವರು, ಕಂಡದ್ದನ್ನು ಕಂಡ ಕಡೆಗೇ ಮಾಡುತ್ತಾರೆ. ಅವಳಿಗೆ ಸುಲಭವಾಗಲೆಂದು ಬುಗುರಿ ವೀಡಿಯೋವನ್ನು ಕನ್ನಡಿಯಂತೆ ತಿರುಗಿಸಿಯೇ ಕಳಿಸಿದ್ದ. ಅವಳು ಅದನ್ನು ಎದುರು ನಿಂತ ಗುರುವೆಂದು ತಿಳಿದು ಮತ್ತೊಮ್ಮೆ ತಿರುಗಿಸಿಕೊಂಡಿದ್ದಳು.

ಹಾಗಾದರೆ ತಪ್ಪು ಕಡೆ ಓಡಿದವಳು ನಾನು. ಅವನಿಗೆ ಆಗಲೇ ಗೊತ್ತಾಗಿತ್ತು. ನನ್ನ ಜಾಗ ಹೋಗಬಾರದೆಂದು ಕಾಲು ಜಾರಿತು ಅಂದ... ಮತ್ತೆ ಜಿಗಿತ ಯಾಕೆ ಬೇಡ ಅಂದ?

ನಲ್ಲಿಯ ಬಳಿ ಅವನು ನಿಂತಿದ್ದ ರೀತಿ ಕಣ್ಣಿಗೆ ಬಂತು. ಬಲಗೈ ಜೇಬಿನಲ್ಲಿತ್ತು. ನಲ್ಲಿ ತಿರುಗಿಸಿದ್ದೂ ಎಡಗೈಯಲ್ಲೇ.

"ಅಕ್ಕಾ... ಅವನ ಕೈ."

"ಏನಾಯ್ತೇ?"

"ನನ್ನಿಂದ ಆಗಿದ್ದು," ಎಂದು ಅಕ್ಕನ ಮಡಿಲಿಗೆ ಮುಖ ಒತ್ತಿ ಅತ್ತುಬಿಟ್ಟಳು.

ಮರುದಿನ ಬೆಳಗ್ಗೆ ಕ್ಯಾಪ್ಟನ್ ಬಾಯಿ ತೆರೆಯುವ ಮೊದಲೇ ಗೆಜ್ಜೆ ಕೋಣೆಯ ನಡುವೆ ಬಂದು ನಿಂತಳು.

"ಮೊನ್ನೆ ಅವನ ಕಾಲು ಜಾರಿಲ್ಲ. ದಿಕ್ಕು ತಪ್ಪಿದ್ದು ನಾನು."

ಬುಗುರಿ ಬೇಡ ಎಂಬಂತೆ ತಲೆಯಾಡಿಸಿದ.

"ನನ್ನ ತಲೆ ಉಳಿಸೋಕೆ ಹೋಗಿ ಅವನ ಮಣಿಕಟ್ಟು ಉಳುಕಿದೆ. ಅದಕ್ಕೇ ಜಿಗಿತ ಬೇಡ ಅಂದಿದ್ದು. ಕೈ ತೆಗೆಯೋ ಜೇಬಿಂದ."

ಅವನು ತೆಗೆದ. ಮಣಿಕಟ್ಟು ಊದಿ ಬಣ್ಣ ತಿರುಗಿತ್ತು. ಯಾರೋ ಹುಡುಗಿ ಅಯ್ಯೋ ಎಂದಳು.

ಕ್ಯಾಪ್ಟನ್ ಆ ಕೈಯನ್ನು ನೋಡಿ ಗೆಜ್ಜೆಯತ್ತ ತಿರುಗಿದಳು. "ನಿಯಮ ಗೊತ್ತಲ್ಲ?" ಎಂದಳು.

"ಗೊತ್ತು."

ಗೆಜ್ಜೆ ಹಿಂದಿನ ಸಾಲಿನತ್ತ ನಡೆದಳು. ಗೋಡೆ ಇಷ್ಟು ದೂರ ಇತ್ತೇ?

"ನಿಲ್ಲು," ಎಂದಿತು ಒಂದು ಧ್ವನಿ. ಬುಗುರಿಯದು. ಅವನು ಅಷ್ಟು ಜೋರಾಗಿ ಮಾತಾಡಿದ್ದನ್ನು ಸಂಘದಲ್ಲಿ ಯಾರೂ ಕೇಳಿರಲಿಲ್ಲ.

"ವೀಡಿಯೋ ತಿರುಗಿಸಿದ್ದು ನಾನು, ಕ್ಯಾಪ್ಟನ್. ತಿರುಗಿಸಿದ್ದೀನಿ ಅಂತ ಅವಳಿಗೆ ಹೇಳಲಿಲ್ಲ. ಒಂದು ಮಾತು ಹೇಳಿದ್ರೆ ಇದ್ಯಾವುದೂ ಆಗ್ತಿರಲಿಲ್ಲ. ಕೈ ನೋವು ಅಂತಲೂ ಹೇಳಲಿಲ್ಲ. ಸುಮ್ನಿದ್ರೆ ಅವಳು ಉಳೀತಾಳೆ ಅಂದ್ಕೊಂಡೆ. ಸುಮ್ನಿದ್ದೇ ಅವಳನ್ನ ಕಳ್ಕೊಳ್ತಿದ್ದೀನಿ. ಕಳಿಸೋದಾದ್ರೆ ನನ್ನ ಕಳಿಸಿ."

"ನಿನ್ನ ಹೊಟ್ಟೆಯಲ್ಲಿ ಇಷ್ಟೊಂದು ಮಾತಿತ್ತಾ?" ಎಂದಳು ಕ್ಯಾಪ್ಟನ್. ಆದರೆ ಮುಖ ಸಡಿಲವಾಗಲಿಲ್ಲ. "ಸರಿ, ತಪ್ಪು ಇಬ್ಬರದೂ ಅನ್ನೋಣ. ನಾಳೆ ಈ ಕೈಯಲ್ಲಿ ಯಾರನ್ನ ಎತ್ತುತ್ತೀಯ?"

ಅವನು ಊದಿದ ಮಣಿಕಟ್ಟನ್ನು ನೋಡಿಕೊಂಡ.

"ಅವನು ಎತ್ತೋದು ಬೇಡ," ಎಂದಳು ಗೆಜ್ಜೆ. "ನಾನು ಎತ್ತುತ್ತೀನಿ."

ವೆಸ್ಟರ್ನ್ ಹುಡುಗರು ಕಿಸಕ್ಕನೆ ನಕ್ಕರು. ಅವಳು ಅವರತ್ತ ನೋಡಲಿಲ್ಲ. ಪಾದಗಳನ್ನು ಹೊರಕ್ಕೆ ತಿರುಗಿಸಿ, ಮಂಡಿ ಅಗಲಿಸಿ, ಬೆನ್ನು ನೆಟ್ಟಗಿಟ್ಟು ಅರ್ಧ ಕೂತಳು. ಅರೆಮಂಡಿ. ಚಿಕ್ಕ ಹುಡುಗಿಯಾಗಿದ್ದಾಗಿನಿಂದ ದಿನವೂ ಕಾಲು ಕಿತ್ತುಹೋಗುವಂತೆ ನಿಂತ ನಿಲುವು. ಅವಳ ತೊಡೆಗಳಷ್ಟು ಗಟ್ಟಿ ತೊಡೆ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ.

"ಬಾ. ಬೆನ್ನು ನನ್ನ ಕಡೆ. ತೊಡೆ ಮೇಲೆ ಹತ್ತಿ ನಿಲ್ಲು. ನಿನ್ನ ಮಂಡಿ ನಾನು ಹಿಡೀತೀನಿ. ನಿನ್ನ ಕೈ ಬೇಕಾಗಿಲ್ಲ."

ನಗು ನಿಂತಿತು. ಕ್ಯಾಪ್ಟನ್ ಗೋಡೆಗೆ ಒರಗಿ ಕೈಕಟ್ಟಿದಳು. "ಮಧ್ಯಾಹ್ನದೊಳಗೆ ತೋರಿಸಿ. ಆಗದಿದ್ರೆ ಜೋಡಿ ಇಲ್ಲ, ಇಬ್ಬರೂ ಹಿಂದಿನ ಸಾಲು."

ಆಗಲಿಲ್ಲ. ಅವನು ಹತ್ತುತ್ತಿದ್ದ, ಇಳಿಯುತ್ತಿದ್ದ. ಒಂದು ಕಾಲು ಅವಳ ಮೇಲೆ ಇಟ್ಟರೆ ಇನ್ನೊಂದು ನೆಲ ಬಿಡುತ್ತಿರಲಿಲ್ಲ. ಮಧ್ಯಾಹ್ನ ಹತ್ತಿರವಾದಂತೆ ಕೋಣೆಯಲ್ಲಿ ಮಾತು ಕಡಿಮೆಯಾಯಿತು. ಗೆಜ್ಜೆಯ ಹಣೆಯಿಂದ ಬೆವರು ಇಳಿಯುತ್ತಿತ್ತು.

"ಯಾಕೆ ಅರ್ಧ ಭಾರ ನಿನ್ನ ಹತ್ರಾನೇ ಇಟ್ಕೋತಿದ್ದೀಯ?"

"ನಿನಗೆ ನೋವಾಗತ್ತೆ."

"ಅದನ್ನ ನಾನು ಹೇಳ್ಬೇಕು, ನೀನಲ್ಲ. ಹತ್ತು."

ಕ್ಯಾಪ್ಟನ್ ಗೋಡೆ ಬಿಟ್ಟು ಮುಂದೆ ಬಂದಳು. "ಇದೇ ಕೊನೆ."

ಅವನು ಉಸಿರೆಳೆದುಕೊಂಡ. ಒಂದು ಕಾಲು ಇಟ್ಟ. ಎರಡನೆಯದನ್ನೂ ಎತ್ತಿದ. ಇಡೀ ಮನುಷ್ಯನ ಭಾರ ಅವಳ ತೊಡೆಗಳಿಗೆ ಇಳಿಯಿತು. ಗೆಜ್ಜೆ ಹಲ್ಲು ಕಚ್ಚಿದಳು. ಅವನು ಮುಂದಕ್ಕೆ ಬಾಗಿ ಎರಡೂ ತೋಳು ಚಾಚಿದ. ಅವನಿಗೆ ಅವಳು ಕಾಣುತ್ತಿರಲಿಲ್ಲ. ಮಂಡಿಯ ಮೇಲೆ ಅವಳ ಕೈಗಳು ಮಾತ್ರ.

"ನೋವಾಗ್ತಿದ್ಯಾ?" ಎಂದ ಮೇಲಿನಿಂದ.

"ಆಗ್ತಿದೆ. ನೋವಾದ್ರೆ ಹೀಗೆ ಹೇಳ್ಬೇಕು. ಕಲಿ."



"ನನಗೂ ಕೈ ತುಂಬಾ ನೋಯ್ತಿದೆ."

"ಮತ್ತೆ?"

"ನಿನ್ನೆ ನೀನು ಇನ್ಮೇಲೆ ಇಲ್ಲ ಅಂದ್ಯಲ್ಲ... ಅದು ಕೈಗಿಂತ ಜಾಸ್ತಿ ನೋಯ್ತು."

"ಮತ್ತೆ?"

"ನೀನಂದ್ರೆ ನನಗಿಷ್ಟ."

ಗೆಜ್ಜೆಯ ಕಣ್ಣು ಮಂಜಾಯಿತು. ಆದರೆ ಅರೆಮಂಡಿ ಒಂದಿಷ್ಟೂ ಕದಲಲಿಲ್ಲ.

"ಜೋಡಿ ಇರತ್ತೆ," ಎಂದಳು ಕ್ಯಾಪ್ಟನ್. "ನಾಳೆ ವೇದಿಕೆ ಮೇಲೆ ಮಾತ್ರ ದಯವಿಟ್ಟು ಬಾಯಿ ಮುಚ್ಕೊಂಡು ಮಾಡಿ. ಎಲ್ಲರೂ ಊಟಕ್ಕೆ ನಡೀರಿ."

ಕೋಣೆ ಖಾಲಿಯಾಯಿತು. ಬುಗುರಿ ಮೆಲ್ಲಗೆ ಇಳಿದ. ತಿರುಗಲು ಧೈರ್ಯ ಸಾಲದೆ ಹಾಗೇ ನಿಂತಿದ್ದ.

"ಬೆನ್ನು ತೋರಿಸ್ಕೊಂಡು ಹೇಳಿದ್ದು ಲೆಕ್ಕಕ್ಕಿಲ್ಲ," ಎಂದಳು ಅವಳು. "ಮುಖ ನೋಡಿ ಹೇಳು."

ಅವನು ತಿರುಗಿದ. ಕಿವಿಯವರೆಗೂ ಕೆಂಪಾಗಿದ್ದ. ಆದರೂ ಹೇಳಿದ, ಒಂದೊಂದೇ ಮಾತು.

"ನೀನಂದ್ರೆ... ನನಗೆ... ತುಂಬಾ ಇಷ್ಟ." ಆಮೇಲೆ ಅವನ ನೋಟ ಕೆಳಗಿಳಿಯಿತು. "ನಿನ್ನ ಕಾಲು ನಡುಗ್ತಿದೆ. ಅಷ್ಟು ಭಾರ ಇದ್ನಾ ನಾನು?"

"ಭಾರ ಇದ್ದಾಗ ನಡುಗಲಿಲ್ಲ ಕಣೋ," ಎಂದು ಅವಳು ಅವನ ಎಡಗೈ ಹಿಡಿದುಕೊಂಡಳು. "ನೀನು ಇಳಿದು ಹೀಗೆ ನೋಡಿದ್ಯಲ್ಲ, ಆಗ ಶುರುವಾಗಿದ್ದು."