ಕೆಂಪು ಕೀಲಿಯ ಚಾವಿ

"ಚಾವಿ ಕೊಡ್ರಿ."

ಅಮಿತ ಅಂಗೈ ಚಾಚಿ ನಿಂತಿದ್ದ.

ದೇವರ ಹಿಪ್ಪರಗಿಯ ಹೊರಗೆ ಹೊಸ ಕರೆಂಟ್ ಲೈನ್ ಎಳೆಯುವ ಸೈಟು. ಡಿಪ್ಲೊಮಾ ಮುಗಿಸಿ, ಪ್ರಾಜೆಕ್ಟ್ ಮ್ಯಾನೇಜರ್ ತರಬೇತಿಗೆಂದು ಕಂಪನಿ ಸೇರಿದ ಜಯಮಾಲಾಳಿಗೆ ಅದು ಮೊದಲ ದಿನ. ಅವಳಿಗೆ ಕೆಲಸ ಕಲಿಸಬೇಕಾದ ಮ್ಯಾನೇಜರ್ ಇಂಡಿ ತಾಲೂಕಿನ ಕಡೆಯ ಈ ಅಮಿತನೇ.

ಕೆಲಸಕ್ಕೆ ಮುಂಚೆ ಊರಿನ ಲೈನಿನ ಸ್ವಿಚ್ ಇಳಿಸಿ, ಅದರ ಹಿಡಿಕೆಗೆ ಎಲ್ಲರಂತೆ ತಾನೂ ತನ್ನ ಹೆಸರು ಬರೆದ ಕೆಂಪು ಕೀಲಿ, ಅಂದರೆ ಬೀಗ, ಜಡಿದು ಆಗಷ್ಟೇ ತಿರುಗಿದ್ದಳು. ಸಾಹೇಬರೇ ಕೇಳುತ್ತಿದ್ದಾರೆ... ಮರುಮಾತಿಲ್ಲದೆ ಚಾವಿ ಅವನ ಅಂಗೈಯಲ್ಲಿಟ್ಟಳು.

ಅಮಿತ ಚಾವಿ ನೋಡಿದ. ಆಮೇಲೆ ಅವಳನ್ನು ನೋಡಿದ.

"ಈ ಕೀಲಿ ಇರೂತನಕ ಲೈನಿಗೆ ಕರೆಂಟ್ ಬರಂಗಿಲ್ಲ. ನೀವು ಕಂಬದ ಹತ್ರ ಇದ್ದಾಗ ನಾ ಇದನ್ನ ತಗದ್ರ ಏನಾಗ್ತೈತಿ? ಚಾವಿ ಅಲ್ಲರಿ, ನಿಮ್ಮ ಜೀವಾನ ಕೊಟ್ರಿ. ಗುರ್ತಿಲ್ಲದವರ ಕೈಯಾಗ ಹಿಂಗ ಜೀವಾ ಕೊಡ್ತಾರೇನು?"

ಸುತ್ತಲಿದ್ದ ಕೂಲಿಯವರು ಕಿಸಕ್ಕೆಂದರು. ಹಿರಿಯ ಲೈನ್‌ಮನ್ ಗೈಬುಸಾಬ ಮಾತ್ರ ನಗಲಿಲ್ಲ. ಜಯಮಾಲಾಳ ಕಿವಿ ಕಾದು ಹೋದವು.

'ಕೇಳಿದಾವನೂ ಇವನ, ಬೈದಾವನೂ ಇವನ... ಎಂಥಾ ಮನಶ್ಯಾ ಇದ್ದಾನವ್ವ!'

ಅವಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅನ್ನುವುದು ಸಿಂದಗಿಯಲ್ಲಿ ಅವರ ಓಣಿಗೆಲ್ಲ ಗೊತ್ತಿದ್ದ ಮಾತು. ಆದರೆ ಎದುರಿಗಿದ್ದವನು ಒಳ್ಳೆಯವನಾದರೆ ಪಾಪ, ಸಿಟ್ಟಾದರೂ ಎಷ್ಟು ದಿನ ನಿಂತೀತು?

ತೊಗರಿ ಹೊಲಗಳ ಬದುವಿನಲ್ಲಿ ನಡೆದು ಕಂಬದ ಜಾಗ ಗೊತ್ತುಮಾಡುವುದು, ಆಳು ಬರುವ ಮೊದಲೇ ತಂತಿ ಬಂದಿರುವಂತೆ ನೋಡಿಕೊಳ್ಳುವುದು, ಗೈಬುಸಾಬನಿಗೆ ಹೇಳುವ ಮೊದಲು ಗೈಬುಸಾಬನನ್ನು ಕೇಳುವುದು... ಎಲ್ಲವನ್ನೂ ಅಮಿತನೇ ಕಲಿಸಿದ. ಮಧ್ಯಾಹ್ನ ರೊಟ್ಟಿ ಬಿಚ್ಚುವಾಗ ನೆರಳಿನ ಜಾಗ ಅವಳಿಗೆ ಬಿಟ್ಟು, ತಾನು ಬಿಸಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದ.

ಒಮ್ಮೆ ಹೊಲದ ಮಾಲೀಕನೊಬ್ಬ, "ಈ ಹುಡುಗಿ ಕೂಡ ಏನ್ ಮಾತಾಡ್ಲಿ, ಮ್ಯಾನೇಜರ್‌ನ ಕರೀರಿ" ಅಂದ.

"ಮ್ಯಾನೇಜರ್ ಅಂದ್ರ ಅವರ ರೀ. ನಾ ನೀರಿನ ಕ್ಯಾನ್ ತಂದಾವ" ಅಂದುಬಿಟ್ಟ ಅಮಿತ.

ಅಂದು ಜಯಮಾಲಾ ಸಿಂದಗಿ ಬಸ್ಸಿನ ಕಿಟಕಿಗೆ ತಲೆಯಾನಿಸಿ ಊರು ಬರುವ ತನಕ ತನ್ನಷ್ಟಕ್ಕೇ ನಗುತ್ತಿದ್ದಳು. ಮನಸ್ಸು ಜಾರಿತ್ತು, ಇನ್ನೇನು ಮುಚ್ಚುಮರೆ.

ಮನೆಯಲ್ಲಿ ಒಂದು ಕರಾರಿತ್ತು. ಸೈಟಿನ ಕೆಲಸ ಇರುವ ತನಕ ಮದುವೆ ಮಾತು ಎತ್ತುವುದಿಲ್ಲ ಎಂದು ಅಪ್ಪ ರೇವಪ್ಪ ಮಾತು ಕೊಟ್ಟಿದ್ದ. ಹಾಗಾಗಿ ಆ ಸೈಟೇ ಅವಳ ಪಾಲಿನ ಸ್ವಾತಂತ್ರ್ಯ, ಅಮಿತನ ಜೊತೆಗಿನ ದಿನಗಳೂ ಅದೇ.

ಒಂದು ಸಂಜೆ ಸೈಟ್ ಶೆಡ್ಡಿನ ಹಿಂದೆ ಅಮಿತನ ದನಿ ಕೇಳಿತು. ಬಸವನ ಬಾಗೇವಾಡಿಯ ಆಫೀಸಿನವರ ಜೊತೆ ಫೋನಿನಲ್ಲಿದ್ದ.

"ಜಯಮಾಲಾ ಅವರನ್ನ ನನ್ನ ಸೈಟಿಂದ ತಗೀರಿ ಸರ್. ಇನ್ನ ತಡಾ ಮಾಡಬ್ಯಾಡ್ರಿ."

ಅಷ್ಟು ಕೇಳಿ ಅವಳು ತಿರುಗಿ ನಡೆದಳು. ಕಣ್ಣಿಗೆ ದಾರಿ ಕಾಣುತ್ತಿರಲಿಲ್ಲ. 'ಕಲಿಸಿದಂಗ ಮಾಡಿ ಕಡೀಕ ಹೊರಗ ಹಾಕೂದು... ಇಷ್ಟ ಏನು ನಾನು?'

ಮನೆಗೆ ಬಂದವಳೇ, "ಅಪ್ಪಾ, ಮೊದಲ ನೀ ನೋಡಿಟ್ಟಿದ್ದ ಆ ಹುಡುಗನ ಮನಿಯವರಿಗೆ ಬರ್ರಿ ಅಂತ ಹೇಳು" ಅಂದಳು.

ಅಜ್ಜಿ ಶಂಕ್ರೆವ್ವ ಮೊಮ್ಮಗಳ ಮುಖ ನೋಡಿದಳು. "ಸಿಟ್ಟಿನ್ಯಾಗ ಕೊಯ್ಕೊಂಡ ಮೂಗು ತಿರುಗಿ ಬರಂಗಿಲ್ಲ, ತಂಗಿ."

ಜಯಮಾಲಾ ಒಳಗೆ ನಡೆದಳು.

ಗಂಡಿನವರು ಬರುವ ದಿನ ಮಧ್ಯಾಹ್ನಕ್ಕೇ ರಜೆ ಹಾಕಿ ಬಸ್ಸು ಹಿಡಿದಳು. ಅವ್ವ ಫೋನು ಬಂದ್ ಮಾಡಿಸಿದಳು, ಸೀರೆ ಉಡಿಸಿದಳು, ಚಹಾದ ತಾಟು ಕೈಗಿಟ್ಟಳು.

"ಲಗ್ನ ಆದ ಮ್ಯಾಲ ಈ ಕಂಬಾ ತಂತಿ ಎಲ್ಲಾ ಬಿಡ್ತಿ ಅಲ್ಲೇನವಾ?" ಹುಡುಗನ ಸೋದರಮಾವ ಕಪ್ಪು ಎತ್ತಿಕೊಳ್ಳುತ್ತ ಕೇಳಿದ.

'ಹೌದು' ಅನ್ನುವ ಬದಲು ಅವಳು ತಾಟನ್ನು ಮುಂದಿನವರತ್ತ ಹಿಡಿದಳು. ಅಷ್ಟರಲ್ಲಿ ಹೊರಗೆ ಬೈಕ್ ನಿಂತ ಸದ್ದು...

ಬಾಗಿಲಲ್ಲಿ ಅಮಿತ. ಮೈತುಂಬ ಧೂಳು. ಅವಳನ್ನು ಕಂಡದ್ದೇ ಹೊಸ್ತಿಲ ಚೌಕಟ್ಟು ಹಿಡಿದು ದೀರ್ಘವಾಗಿ ಉಸಿರುಬಿಟ್ಟ.

"ಇಲ್ಲೇ ಅದೀರಿ... ಸಾಕು."

"ಸರ್?"

"ಕೆಲಸ ಮುಗೀತು. ಎಲ್ಲಾರ ಕೀಲಿ ತಗದೇವಿ, ನಿಮ್ಮದೊಂದ ಉಳಿದೈತಿ. ಕರೆಂಟಿಲ್ದ ಊರಾಗ ನೀರಿಲ್ಲ, ಗಿರಣಿ ನಿಂತೈತಿ. ಫೋನ್ ಹಚ್ಚಿದ್ರ ಹತ್ತವಲ್ದು."

ಬೆಳಿಗ್ಗೆ ಜಡಿದ ಕೀಲಿ ತೆಗೆಯದೆಯೇ ಜಯಮಾಲಾ ಬಸ್ಸು ಹಿಡಿದಿದ್ದಳು. ಚಾವಿ ಅವಳ ಬ್ಯಾಗಿನಲ್ಲೇ ಉಳಿದುಹೋಗಿತ್ತು!

ಸೋದರಮಾವ ನಕ್ಕ. "ಇಷ್ಟಕ್ಕ ಇಲ್ಲೀತನಕ ಬಂದ್ಯಾ? ಕೀಲಿ ಕತ್ತರಿಸಿ ಒಗೀಬೇಕಿಲ್ಲೋ."

"ಅವರನ್ನ ಕಣ್ಣಾರೆ ನೋಡದ ಕತ್ತರಿಸಂಗಿಲ್ರಿ. ಬಸ್ ತಪ್ಪಿ ತಿರುಗಿ ಸೈಟಿಗೆ ಬಂದು, ಲೈನಿನ ಮಗ್ಗಲದಾಗ ಎಲ್ಯಾರ ಇದ್ರ? ಈಗ ನೋಡೇನಿ. ಒಂದು ಫೋನ್ ಮಾಡಿದ್ರ ಕತ್ತರಿಸ್ತಾರ." ಅಮಿತ ಅವಳ ಕಡೆ ತಿರುಗಿದ. "ಆದ್ರ ಕೀಲಿ ನಿಮ್ಮದು. ನೀವು ಹೇಳಿದಂಗ."

ಪಡಸಾಲೆಯಲ್ಲಿ ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಜಯಮಾಲಾ ತಾಟು ಕೆಳಗಿಟ್ಟಳು.

"ಕತ್ತರಿಸಬ್ಯಾಡ್ರಿ. ನಾನ ಬಂದು ತಗೀತೇನಿ." ಸೋದರಮಾವನಿಗೆ ಕೈಮುಗಿದಳು. "ತಪ್ಪು ತಿಳೀಬ್ಯಾಡ್ರಿ. ಕೆಲಸಾ ಬಿಡೂದು ನನ್ನಿಂದ ಆಗಂಗಿಲ್ಲ."

ರೇವಪ್ಪ ಎದ್ದು ಮಗಳ ಬ್ಯಾಗು ತಂದುಕೊಟ್ಟ. ಆಮೇಲೆ ಮೆಲ್ಲಗೆ ಅಂದ, "ಹೋಗಿ ಬಾ. ಕೆಲಸಾ ಅರ್ಧಕ್ಕ ಬಿಟ್ಟು ಬರೂದು ನಮ್ಮ ಮನಿ ರೂಢಿ ಅಲ್ಲ."

ಬೈಕು ಊರು ದಾಟಿತು. ಕೊನೆಗೆ ಅವಳೇ ತಾಳಲಾರದೆ ಕೇಳಿದಳು.

"ಸೈಟಿಂದ ತಗದ ಹಾಕಾವರಿಗೆ ನನ್ನ ಕೀಲಿ ಮ್ಯಾಲ ಯಾಕ ಇಷ್ಟ ಕಾಳಜಿ?"

ಅಮಿತ ಬೈಕು ನಿಲ್ಲಿಸಿದ. "ಯಾರು ತಗದು ಹಾಕ್ಯಾರ?"

"ನೀವು ಫೋನಿನ್ಯಾಗ ಅಂದಿದ್ದು ಕೇಳೇನಿ."

"ಪೂರಾ ಕೇಳಿಲ್ಲ. ಮುದ್ದೇಬಿಹಾಳದ ಸೈಟ್ ನಿಮಗ ಸ್ವಂತ ಕೊಡ್ರಿ, ನೀವು ತಯಾರ ಆಗೀರಿ ಅಂತ ಹೇಳಾಕತ್ತಿದ್ದೆ."

ಜಯಮಾಲಾಳ ಸಿಟ್ಟು ಅಲ್ಲೇ ಇಳಿದುಹೋಯಿತು. ಆದರೂ ಬಿಡಲಿಲ್ಲ. "ಮತ್ತ... ತಡಾ ಮಾಡಬ್ಯಾಡ್ರಿ ಅಂದಿದ್ದು?"

ಅಮಿತ ರಸ್ತೆ ನೋಡುತ್ತ ಹೇಳಿದ. "ನಿಮ್ಮ ತರಬೇತಿ ನನ್ನ ಕೈಯಾಗ ಐತಿ. ಅಂಥಾ ಹೊತ್ತಿನ್ಯಾಗ ಮನಸಿನ ಮಾತು ಹೇಳಿದ್ರ, ಬ್ಯಾಡ ಅನ್ನಾಕ ನೀವು ಅಂಜಿದ್ರ? ಅದಕ್ಕ... ಮೊದ್ಲ ನಿಮ್ಮನ್ನ ನನ್ನ ಕೈಯಿಂದ ಬಿಡಿಸಬೇಕಿತ್ತು. ಆಮ್ಯಾಲ ಕೇಳೋನು ಅಂತ."

ಬೈಕು ಮತ್ತೆ ಹೊರಟಿತು. ಹಿಂದೆ ಕೂತವಳು ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಅವನಿಗೆ ಕಾಣಲಿಲ್ಲ.

ಸೈಟಿನಲ್ಲಿ ಸೀರೆಯುಟ್ಟ ಜಯಮಾಲಾಳನ್ನು ನೋಡಿ ಗೈಬುಸಾಬ ಬಾಯಿ ತೆರೆದವನು ಮುಚ್ಚಲಿಲ್ಲ. ಅವಳು ಕೀಲಿ ತೆಗೆದಳು, ಗೈಬುಸಾಬ ಸ್ವಿಚ್ ಏರಿಸಿದ. ಮುಸ್ಸಂಜೆಯ ಊರಿನಲ್ಲಿ ದೀಪಗಳು ಹತ್ತಿದವು. ದೂರದಲ್ಲಿ ಹಿಟ್ಟಿನ ಗಿರಣಿ ಸದ್ದು ಮಾಡಿತು.

ಜಯಮಾಲಾ ಚಾವಿಯನ್ನು ಅಮಿತನ ಮುಂದೆ ಹಿಡಿದಳು.

"ತಗೋರಿ."

"ಚಾವಿ ಕೊಡಬಾರ್ದು ಅಂತ ಮೊದಲನೇ ದಿನಾನ ಹೇಳೇನಿ."

"ಗುರ್ತಿಲ್ಲದವರ ಕೈಯಾಗ ಕೊಡಬಾರ್ದು ಅಂದಿದ್ರಿ."

ಅಮಿತ ಅಂಗೈ ಚಾಚಿದ. ಈ ಸಲ ಚಾವಿ ಬಿದ್ದೊಡನೆ ಬೆರಳು ಮಡಚಿಕೊಂಡ.

"ಮುದ್ದೇಬಿಹಾಳದಾಗ ನಿಮಗ ಇದು ಬೇಕಾಗ್ತೈತಿ."

"ಬೇಕಾದಾಗ ಬಂದು ಇಸ್ಕೋತೇನಿ."

"ದಿನಾ ಬರಬೇಕಾಗ್ತೈತಿ ನೋಡ್ರಿ."

"ಅದಕ್ಕ ಕೊಡಾಕತ್ತೇನಿ."