ಶಿರಾದಿಂದ ಬಂದ ಐಸ್ ಡಬ್ಬಿ

"ಹಳಸಿದ್ದು ತಂದ್ರೆ ನನ್ನ ಕೆಲಸ ಹಾಳಾಗಲ್ವಾ?"

ಶ್ರೀಲತಾ ಮುತ್ತುರಾಜನಿಗೆ ಹೇಳಿದ ಮೊದಲ ಮಾತೇ ಅದು!

ಮೂರು ತಿಂಗಳಿಂದ ಅವನು ಶಿರಾದ ಕಸಾಯಿಖಾನೆಯಲ್ಲಿ ಕುರಿಯ ಮೇದೋಜೀರಕ ಗ್ರಂಥಿಯನ್ನು ಬಿಡಿಸಿ, ಐಸ್ ಡಬ್ಬಿಯಲ್ಲಿಟ್ಟು, ಬೆಳಗಿನ ಬಸ್ಸಿನಲ್ಲಿ ಮಧುಗಿರಿಗೆ ತರುತ್ತಿದ್ದ. ಪ್ರಯೋಗಾಲಯದ ಆಯಾ ಮಹಾಲಕ್ಷ್ಮಮ್ಮನ ಕೈಗೆ ಕೊಟ್ಟು ಹೊರಡುತ್ತಿದ್ದ. ಥೀಸಿಸ್‌ಗಾಗಿ ಆ ಗ್ರಂಥಿಯ ಮೇಲೆ ಪ್ರಯೋಗ ಮಾಡುತ್ತಿದ್ದ ಪಾವಗಡದ ಶ್ರೀಲತಾ ಹಿಂದಿನ ದಿನದ ಡಬ್ಬಿ ತೊಳೆದು, ಒಳಗೆ 'ಥ್ಯಾಂಕ್ಸ್' ಎಂದು ಚೀಟಿ ಇಟ್ಟು ಕಳಿಸುತ್ತಿದ್ದಳು. ಮುಖ ನೋಡಿದ್ದು ಇವತ್ತೇ.

"ಹಳ್ಸಿಲ್ಲ ಮೇಡಂ..." ಅಂದವನು ಇವತ್ತಿನ ಡಬ್ಬಿಯನ್ನು ಮೇಜಿನ ಮೇಲಿಟ್ಟ.

"ನಾಳೆಯಿಂದ ನೀವು ಬರಬೇಡಿ!"

ಅವನು ಖಾಲಿ ಡಬ್ಬಿ ಎತ್ತಿಕೊಂಡು ಮೆಟ್ಟಿಲಿಳಿದ. ಅವತ್ತು ಅದರಲ್ಲಿ ಚೀಟಿ ಇರಲಿಲ್ಲ.

ಅವಳ ಸಿಟ್ಟಿಗೆ ಕಾರಣವಿತ್ತು. ಕಾರ್ಬಕಾಲ್ ಎಂಬ ಕೋಲಿನರ್ಜಿಕ್ ಔಷಧ ನರಗಳ ಅಪ್ಪಣೆಯನ್ನೇ ನಕಲು ಮಾಡುತ್ತದೆ. ಅದು ತಾಗಿದರೆ ಗ್ರಂಥಿಯ ಚೂರುಗಳಲ್ಲಿ ಪ್ರೋಟೀನ್ ತಯಾರಿ ಹೆಚ್ಚಬೇಕಿತ್ತು. ನಿನ್ನೆ ನೋಡಿದರೆ ಅರ್ಧಕ್ಕಿಳಿದಿತ್ತು!

"ಏನಮ್ಮ ಹಂಗಂದ್ಬುಟ್ಟೆ?" ಮಹಾಲಕ್ಷ್ಮಮ್ಮ ಗಾಜಿನ ಲೋಟ ಒರೆಸುತ್ತ ಅಂದಳು. "ನಾನೂ ಅದೇ ಬಸ್ಸಲ್ಲಿ ಬರೋದು. ಸೀಟಿದ್ರೂ ಆ ಹುಡ್ಗ ನಿಂತ್ಕಂಡೇ ಬತ್ತಾನೆ ಕಣಮ್ಮ, ಡಬ್ಬಿ ಕುಲುಕಬಾರ್ದು ಅಂತ."

ಶ್ರೀಲತಾಳ ಕೈ ನಿಂತಿತು. ಔಷಧ ಹಾಕದೆ ಇಟ್ಟಿದ್ದ ಚೂರುಗಳ ಲೆಕ್ಕವನ್ನು ಈಗ ನೋಡಿದಳು. ಅದೇ ಗ್ರಂಥಿ... ಅವು ಚೆನ್ನಾಗಿಯೇ ಪ್ರೋಟೀನ್ ತಯಾರಿಸಿದ್ದವು!

'ಹಳಸಿದ್ದಾದರೆ ಇದು ಹೇಗೆ?'

ಔಷಧದ ಬಾಟಲಿ ನೋಡಿದಳು. ನೂರು ಪಟ್ಟು ಗಾಢವಾಗಿ ಬೆರೆಸಿದ್ದಳು. ಇಷ್ಟೇ ಇಷ್ಟು ಹಾಕಿದರೆ ತಯಾರಿ ಹೆಚ್ಚಿಸುವ ಔಷಧವೇ ಅತಿಯಾದರೆ ಅದನ್ನು ಕುಗ್ಗಿಸುತ್ತದೆ. ಇವತ್ತಿನ ಗ್ರಂಥಿಗೆ ಕಡಿಮೆ ಹಾಕಿದಳು. ಸಂಜೆಯ ಹೊತ್ತಿಗೆ ಅಂಕಿ ಏರಿತ್ತು.

ಸಂತೋಷವಾಗಲಿಲ್ಲ. 'ಅವರು ಇನ್ನು ಬರದಿದ್ದರೆ...?'

ಮರುದಿನ ಮಹಾಲಕ್ಷ್ಮಮ್ಮನನ್ನು ಕೇಳಿಕೊಂಡು ಅವನ ಊರು ಹುಲಿಕುಂಟೆಗೆ ಹೋದಳು. ಮುತ್ತುರಾಜ ಜಗಲಿಯಲ್ಲಿ ಕುರಿಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದ.

"ತಪ್ಪು ನಂದೇ. ಔಷಧ ಜಾಸ್ತಿ ಹಾಕಿದ್ದೆ, ಅದಕ್ಕೇ ಗ್ರಂಥಿ ಕೆಲಸ ಅರ್ಧಕ್ಕೇ ನಿಲ್ಲಿಸ್ತು. ಕ್ಷಮಿಸಿ."

"ಇಷ್ಟಕ್ಕೆ ಇಲ್ಲೀಗಂಟ ಬಂದ್ಬುಟ್ರಾ?"

"ನೀವ್ಯಾಕೆ ನಿನ್ನೆ ವಾದ ಮಾಡಲಿಲ್ಲ?"

"ಪಾವಗಡದೋರ ಸಿಟ್ಟು ಒಂದೇ ಸಲಕ್ಕೆ ಅಷ್ಟೊಂದು ಬಿದ್ರೆ... ನಿಮ್ ಗ್ರಂಥಿ ಥರ ನಾನೂ ನಿಂತೋದೆ."

ಅವಳು ನಕ್ಕಳು. ಆಗಲೇ ಕಂಡದ್ದು, ಅವನ ಹಿಂದೆ ಗೋಡೆಯ ಕ್ಯಾಲೆಂಡರಿಗೆ ಸಾಲಾಗಿ ಸಿಕ್ಕಿಸಿದ್ದ ತನ್ನ ಚೀಟಿಗಳು! ಒಂದೂ ಬಿಟ್ಟಿರಲಿಲ್ಲ.

"ಇವನ್ನೆಲ್ಲ ಯಾಕೆ ಇಟ್ಕೊಂಡಿದ್ದೀರಾ?"

ಅವನು ಕುರಿಮರಿಯ ಕಿವಿ ಸವರಿದ. "ಎಸೆಯಕ್ಕೆ ಮನಸಾಗ್ಲಿಲ್ಲ. ಮೊದಮೊದ್ಲು ಡಬ್ಬಿಗೋಸ್ಕರ ಬತ್ತಿದ್ದೆ. ಆಮೇಲೆ... ಚೀಟಿಗೋಸ್ಕರ."

ಅವಳ ಕಣ್ಣು ತುಂಬಿತು. ನಿನ್ನೆ ಇಡದ ಚೀಟಿಯನ್ನು ಚೀಲದಿಂದ ತೆಗೆದು ಕೊಟ್ಟಳು. 'ನಾಳೆ ಬನ್ನಿ' ಎಂದಿತ್ತು.

"ನಾಳೆ ಒಂದಿನಾನಾ?"

"ಥೀಸಿಸ್ ಮುಗಿದ ಮೇಲೂ."

"ಆಗ ಡಬ್ಬಿ ಇರಾಕಿಲ್ವಲ್ಲ?"

"ಬರೀಗೈಲೇ ಬನ್ನಿ... ಸೀಟಲ್ಲಿ ಕೂತ್ಕೊಂಡು."